"ಇನ್ನೊಂದು ಶಬ್ದ ಉಳೀತ್ರಿ ಅಕ್ಕಾರ"

ಹನ್ನೊಂದು ಶಬ್ದ ಟೈಪಿಸಿ, ಹನ್ನೆರಡನೆಯದನ್ನು ಡೈರಿಯಲ್ಲಿ ನೋಡಲು ಕನ್ನಡಕ ಹುಡುಕುತ್ತಿದ್ದೆ. ಫೋನ್ ಟಿಣ್ ಎಂದಿತು: "ಇನ್ನೊಂದು ಶಬ್ದ ಉಳೀತ್ರಿ ಅಕ್ಕಾರ, ಲಗೂ ಹಾಕ್ರಿ."

"ಅಯ್ಯೋ!" ಎಂದು ಕೂಗಿದೆ. ಗೋಪನಕೊಪ್ಪದ ನನ್ನ ಅಡುಗೆಮನೆಯಲ್ಲಿ ನಾನು ಒತ್ತುವ ಒಂದೊಂದು ಅಕ್ಷರವನ್ನೂ ಯಾರೋ ಕೂತು ನೋಡುತ್ತಿದ್ದಾರೆ!

ನನ್ನ ಡಿಜಿಟಲ್ ಹಣವಿರುವ ಕ್ರಿಪ್ಟೊ ವಾಲೆಟ್ ಅಪ್‌ಡೇಟ್ ಮಾಡದಿದ್ದರೆ ಬಂದ್ ಆಗುತ್ತದೆ, ಅದನ್ನು ತೆರೆಯುವ ಹನ್ನೆರಡು ಗುಪ್ತ ಶಬ್ದಗಳನ್ನು ಈ ಲಿಂಕ್‌ನಲ್ಲಿ ಹಾಕಿ ಎಂದು ಬೆಳಿಗ್ಗೆ ನಮ್ಮ ಕಡೆಯ ಮಾತಿನಲ್ಲೇ ಸಂದೇಶ ಬಂದಿತ್ತು. ನಂಬಿದ್ದೆ. ನನ್ನ ಕೂಗಿಗೆ ಓಡಿಬಂದ ತಂಗಿ, "ಅಕ್ಕಾ, ಖರೇ ಕಂಪನಿಯವ್ರು ಆ ಶಬ್ದ ಎಂದೂ ಕೇಳಂಗಿಲ್ಲ! ಹನ್ನೊಂದು ಸಿಕ್ರ ಉಳಿದಿದ್ದೊಂದನ್ನ ಅವ್ರ ಹುಡುಕ್ತಾರ!" ಎನ್ನುತ್ತಲೇ ತನ್ನ ಫೋನಿನಲ್ಲಿ ಹೊಸ ವಾಲೆಟ್ ತೆರೆದು ನನ್ನ ಹಣವೆಲ್ಲವನ್ನೂ ಅದಕ್ಕೆ ದಾಟಿಸಿದಳು.

ನನ್ನನ್ನು ಬಲೆಗೆ ಬೀಳಿಸಿದ್ದು ಆ ಸಂದೇಶದ "ರಿ". ಇಷ್ಟು ಮರ್ಯಾದೆಯಿಂದ ಮಾತಾಡುವವರು ಕಳ್ಳರಿರಲಾರರು ಎಂದುಕೊಂಡಿದ್ದೆ. ಈಗ ಬಾಗಿಲಲ್ಲಿ ಹೂವಿನವಳು "ಇದ್ದೀರೇನ್ರಿ ಅಕ್ಕಾರ?" ಎಂದರೂ ಒಂದು ಕ್ಷಣ ಬೆಚ್ಚುತ್ತೇನೆ.