ಸುವರ್ಣಕ್ಕನ ದನಿ

ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಆ ಹೆಣ್ಣುದನಿ ಸುವರ್ಣಕ್ಕನದಲ್ಲ, ನನ್ನದು. ಕುಲಗೋಡದ ಗಂಡಸರೆಲ್ಲ ಕಿವಿಗೆ ಹಚ್ಚಿಕೊಂಡು ಕೇಳಿದ ಆ ಪ್ರೇಮಸಲ್ಲಾಪವನ್ನು, ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಮೂಗು ಹಿಡಿದುಕೊಂಡು ಕೂತು ಆಡಿದವನು ನಾನು. ಆಗ ಮೀಸೆ ಬಂದಿತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತರೆ ಸರದಿಗಾಗಿ ದಿನವಿಡೀ ಕಾಯಬೇಕು. ಹೊತ್ತು ಹೋಗಬೇಕಲ್ಲ — ದನಿ ಬದಲಿಸಿ ನಾನು ಕಂಡಕ್ಟರನಾಗುತ್ತಿದ್ದೆ, ಮಾಸ್ತರನಾಗುತ್ತಿದ್ದೆ, ಹುಡುಗಿಯರೆದುರು ತೊದಲುವ ನಾನೇ ಆಗುತ್ತಿದ್ದೆ. ಅವತ್ತು ಗೆಳೆಯ ಬಸು ಹೊಸ ಮೊಬೈಲ್ ತಂದಿದ್ದ, ದನಿ ಹಿಡಿದಿಡುವಂಥದ್ದು.

"ಸುವರ್ಣಕ್ಕನ ದನಿ ತೆಗಿಯಲೇ," ಅಂದ.

ತೆಗೆದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅದು ಬ್ಲೂಟೂತಿನಲ್ಲಿ ಸೆಟ್ಟಿನಿಂದ ಸೆಟ್ಟಿಗೆ ದಾಟಿ ನನಗಿಂತ ಮೊದಲೇ ಊರು ಮುಟ್ಟಿತು — ಮಾಡಿದವನ ಹೆಸರನ್ನು ಮಾತ್ರ ಹಾದಿಯಲ್ಲೇ ಬಿಟ್ಟು.

ಸುವರ್ಣಕ್ಕ ನಮ್ಮ ಬಾಜೂ ಮನೆಯವಳು. ಗಂಡ ತೀರಿದ ಮೇಲೆ ಐದಾರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು, ಗೋಕಾಕದ ಖಾನಾವಳಿಗಳಿಗೆ ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದಳು. ಎಷ್ಟು ರೊಟ್ಟಿ ಬೇಕೆಂಬುದು ಅವಳ ಫೋನಿಗೆ ಬರುತ್ತಿತ್ತು. ನಮ್ಮ ಓಣಿಯಲ್ಲಿ ಸ್ವಂತ ಮೊಬೈಲ್ ಇದ್ದ ಹೆಂಗಸು ಅವಳೊಬ್ಬಳೇ. ದನಿ ಅವಳದೇ ಎಂದು ನಂಬಲು ಯಾರಿಗೂ ತಡವಾಗಲಿಲ್ಲ.

ಹಿರಿಯರು ಕಟ್ಟೆಗೆ ಕೂಡಿದರು. ಹೆಂಗಸರ ಕೈಯಲ್ಲಿ ಮೊಬೈಲ್ ಬೇಡ, ಮನೆಯ ಗಂಡಸಿನ ಹತ್ತಿರ ಇರಲಿ ಎಂದು ಠರಾವು ಮಾಡಿದರು.

"ಕಾಕಾ, ಅದು ಯಾರ ಸೆಟ್ಟಿನ್ಯಾಗ ಹುಟ್ಟೇತಿ, ಮೊದಲ ಅದನ್ನ ಹುಡುಕ್ರಿ," ಅಂದಳು ಸುವರ್ಣಕ್ಕ.

"ನಿನ್ನ ಮನಿ ಮರ್ಯಾದಿ ಸಲುವಾಗೇ ಹೇಳಾಕತ್ತೇವಿ, ತಂಗಿ," ಅಂದರು ಹಿರಿಯರು.

ಹುಡುಕಲಿಲ್ಲ. ಹುಡುಕಿದ್ದರೆ ಕಟ್ಟೆಯ ಮೇಲಿದ್ದವರ ಕಿಸೆಯಲ್ಲೂ ಅದು ಸಿಗುತ್ತಿತ್ತು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬೇರೆ ದಿನ ಬಾಯಿ ತೆರೆದರೆ ಊರ ಮಂದಿಯೆಲ್ಲ ನನ್ನ ಬಾಯಿಂದ ಹೊರಬರುತ್ತಿದ್ದರು. ಅವತ್ತು ಬರಬೇಕಾಗಿದ್ದವನು ನಾನೊಬ್ಬ — ಬರಲಿಲ್ಲ.

ಫೋನು ಅವಳ ಮೈದುನನ ಕಿಸೆ ಸೇರಿತು. ಖಾನಾವಳಿಯವರು ಫೋನ್ ಮಾಡಿದಾಗ ಅವನು ಹೊಲದಲ್ಲಿರುತ್ತಿದ್ದ, ಇಲ್ಲವೇ ಎತ್ತುತ್ತಿರಲಿಲ್ಲ. ಕಬ್ಬಿನ ಹಂಗಾಮು ಮುಗಿಯುವಷ್ಟರಲ್ಲಿ ಅವರು ಬೇರೆ ಕಡೆಯಿಂದ ರೊಟ್ಟಿ ತರಿಸತೊಡಗಿದರು. ಗೋಡೆಯಾಚೆಯ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಬಸುವಿನ ಮೊಬೈಲ್ ಬಸುವಿನ ಕೈಯಲ್ಲೇ ಇತ್ತು. ನನಗೂ ಒಂದು ಬಂತು.

ಎರಡು ವರ್ಷದ ಮೇಲೆ, ಪರರ ಹೊಲಕ್ಕೆ ಕಳೆ ತೆಗೆಯಲು ಹೊರಟಿದ್ದ ಅವಳನ್ನು ಹಾದಿಯಲ್ಲಿ ನಿಲ್ಲಿಸಿ ಹೇಳಿದೆ: "ಅಕ್ಕಾ, ಆ ದನಿ ನಂದು." ಹೇಳಿದ ಕೂಡಲೇ ಹಗುರಾದೆ, ಅದನ್ನೂ ಮುಚ್ಚಿಡುವುದಿಲ್ಲ — ಹಗುರಾಗಲೆಂದೇ ಹೇಳಿದ್ದೆನೋ ಏನೋ. ಅವಳು ಬುತ್ತಿಗಂಟನ್ನು ಕೈ ಬದಲಿಸಿ ನನ್ನನ್ನು ನೋಡಿದಳು. ಅವಳು ಹೋಗೆಂದ ಕಡೆಗೆ ನಾನು ಆಗ ಹೋಗಲಿಲ್ಲ; ಇಷ್ಟು ವರ್ಷ ಬಿಟ್ಟು, ಈಗ ಇದನ್ನು ಬರೆದು ಅಲ್ಲಿಗೆ ಹೋಗುತ್ತಿದ್ದೇನೆ. ಅವಳು ಅಂದದ್ದು ಇಷ್ಟೇ:

"ನನ್ನ ದನಿ ಅಲ್ಲಂತ ನನಗ ಅವತ್ತ ಗೊತ್ತಿತ್ತೋ ತಮ್ಮಾ. ಗೊತ್ತಿಲ್ಲದವರು ಕಟ್ಟಿ ಮ್ಯಾಲ ಕುಂತಾರ, ಅಲ್ಲಿ ಹೋಗಿ ಹೇಳು."