ಸುಂಕದ ಕಟ್ಟೆಯಲ್ಲಿ ಮೊಸರನ್ನ

ಸಮುದ್ರ ದಾಟಿ ಫ್ರಾನ್ಸಿನ ದಡ ಮುಟ್ಟಿದ ಕೂಡಲೇ ಫೋನಿಗೆ ಒಂದು ಸಂದೇಶ ಬರುತ್ತದೆ. ಮೊದಲ ಸಾಲಿನಲ್ಲಿ ಸ್ವಾಗತ; ಎರಡನೆಯದರಲ್ಲಿ, ಇನ್ನು ಮುಂದೆ ದಿನಕ್ಕಿಷ್ಟು ಕೊಡಬೇಕು ಎಂಬ ಸೂಚನೆ. ಮನೆಗೆ ಕರೆದು, ಕೂರಿಸಿ, ಕುರ್ಚಿಗೆ ಬಾಡಿಗೆ ಕೇಳಿದ ಹಾಗೆ. ಅದನ್ನು ಓದಿದಾಗ ನನಗೆ ಬರುವ ಸಿಟ್ಟು ಆ ಮೊತ್ತಕ್ಕಿಂತ ಬಹಳ ದೊಡ್ಡದು. ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿದ್ದಾಗ ನನ್ನ ಫೋನಿಗೆ ತಾನು ಯಾವ ದೇಶದಲ್ಲಿದ್ದೇನೆಂಬ ಪರಿವೆಯೇ ಇರುತ್ತಿರಲಿಲ್ಲ. ಈಗ ನನಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ.

ನಾವಿರುವುದು ಬ್ರಿಟನ್ನಿನ ಹೌನ್ಸ್ಲೋದಲ್ಲಿ. ವಿಮಾನಗಳು ಸೂರಿನ ಮೇಲೇ ಹಾದುಹೋಗುವುದರಿಂದ, ಊರಿಗೂರೇ ಎಲ್ಲಿಗೋ ಹೊರಟಿದೆ, ನಾವು ಮಾತ್ರ ಇಲ್ಲೇ ಉಳಿದಿದ್ದೇವೆ ಎಂಬ ಭಾವ ಇಲ್ಲಿಯವರನ್ನು ಬಿಡುವುದಿಲ್ಲ. ನಾನು ಬೆಂಗಳೂರಿನವನು, ವಿಮಾನ ನಿಲ್ದಾಣದ ಬಳಿ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಹೆಂಡತಿ ವಸುಧಾ ಧಾರವಾಡದವಳು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮಗಳು ಅನಘಾಗೆ ಹತ್ತೊಂಬತ್ತು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

ಭಾರತದ ಪಾಸ್‌ಪೋರ್ಟ್ ಇದ್ದ ಕಾಲದಲ್ಲಿ ಯುರೋಪಿಗೆ ಹೋಗಬೇಕೆಂದರೆ ಮೂರು ತಿಂಗಳ ಬ್ಯಾಂಕ್ ಕಾಗದ, ಆಫೀಸಿನ ಪತ್ರ, ಕಿವಿ ಕಾಣುವ ಫೋಟೋ ಹಿಡಿದು ವೀಸಾ ಕಿಟಕಿಯೆದುರು ಕೈಕಟ್ಟಿ ನಿಲ್ಲಬೇಕಿತ್ತು. ಆಮೇಲೆ ಇಲ್ಲಿಯ ಪೌರತ್ವ ಸಿಕ್ಕಿತು. ಎರಡು ಬೇಸಿಗೆ ನಾವು ಮಹಾರಾಜರು. ಪಾಸ್‌ಪೋರ್ಟಿನ ರಟ್ಟು ತೋರಿಸಿದರೆ ಸಾಕು, ಒಳಗಿನ ಹಾಳೆ ಯಾರಿಗೂ ಬೇಡ. ಮೂರನೆಯ ಬೇಸಿಗೆಗೆ ಹೊರಡುವಷ್ಟರಲ್ಲಿ ಸಾಂಕ್ರಾಮಿಕ ಬಂತು. ಅದು ಮುಗಿಯುವಷ್ಟರಲ್ಲಿ, ಉಳಿಯಬೇಕೋ ಬಿಡಬೇಕೋ ಎಂದು ಹತ್ತು ವರ್ಷದ ಹಿಂದೆ ಜನರ ಮತ ಕೇಳಿದ್ದ ಬ್ರಿಟನ್ ಒಕ್ಕೂಟದಿಂದ ಪೂರ್ತಿ ಹೊರಬಿದ್ದಿತ್ತು. ಇಷ್ಟು ವರ್ಷ ಕಾದು ಹತ್ತಿದ ಬಸ್ಸಿನಿಂದ ಡ್ರೈವರೇ ಇಳಿದುಹೋದರೆ ಪ್ರಯಾಣಿಕನಿಗೆ ಸಿಟ್ಟು ಬರುವುದಿಲ್ಲವೇ?

ಈ ಈಸ್ಟರ್ ರಜೆಗೆ ಕಾರಿನಲ್ಲೇ ಫ್ರಾನ್ಸಿಗೆ ಹೋಗುವುದೆಂದು ತೀರ್ಮಾನವಾಯಿತು. ವಿಮಾನಕ್ಕಿಂತ ಅಗ್ಗವಾದೀತು ಎಂಬ ಲೆಕ್ಕ ನನ್ನದು. ಮಗಳ ಪಾಸ್‌ಪೋರ್ಟು ನಾವು ವಾಪಸಾದ ಮೇಲೂ ಎರಡು ತಿಂಗಳು ಬಾಳುತ್ತಿತ್ತು. ಸಾಲದಂತೆ, ಮೂರು ಬೇಕಂತೆ. ಇನ್ನೂ ಉಸಿರಾಡುತ್ತಿದ್ದ ಪಾಸ್‌ಪೋರ್ಟಿಗೆ ತಿಥಿ ಮಾಡಿ ಹೊಸದಕ್ಕೆ ಹಣ ಕಟ್ಟಿದೆವು. ಪೌಂಡು ಕೊಟ್ಟು ಯೂರೋ ಕೊಳ್ಳುವಾಗ, ಮೊದಲು ಇಷ್ಟಕ್ಕೆ ಎಷ್ಟು ಬರುತ್ತಿತ್ತು ಎಂದು ಕೌಂಟರಿನವನಿಗೇ ಪಾಠ ಹೇಳಿದೆ. ಡೋವರ್ ಬಂದರಿನಲ್ಲಿ ಕಾರುಗಳು ಗುಡ್ಡದ ಮೇಲಿನವರೆಗೆ ಸಾಲುಗಟ್ಟಿದ್ದವು, ಈಗ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಬಿಡಿಸಿ ನೋಡಬೇಕಲ್ಲ. ನಾವು ಟಿಕೆಟ್ ಮಾಡಿಸಿದ್ದ ಹಡಗು ನಮ್ಮ ಕಣ್ಣೆದುರೇ ಹೊರಟುಹೋಯಿತು. ಅಷ್ಟು ಹೊತ್ತೂ ನಾನು ಸ್ಟಿಯರಿಂಗ್ ಹಿಡಿದು, ಒಕ್ಕೂಟ ಬಿಡಿಸಿದ ಮಂತ್ರಿಗಳ ವಂಶವನ್ನೆಲ್ಲ ಬೈಯುತ್ತಿದ್ದೆ. ವಸುಧಾ ನನ್ನ ಜೊತೆಗೂಡಿ, ಅವರನ್ನು ನಂಬಿ ಬಿಡುವುದಕ್ಕೆ ವೋಟು ಹಾಕಿದವರನ್ನು ಬೈದಳು. ಆಗ ನಾನು ರೇಡಿಯೋ ಹಾಕಿದೆ.

ಮುಂದಿನ ಹಡಗಿನಲ್ಲಿ ದಾಟಿ, ಫೋನಿನ ಸ್ವಾಗತವನ್ನೂ ಸ್ವೀಕರಿಸಿ, ಕಾರು ಇಳಿಸಿದ್ದೆವಷ್ಟೆ, ಫ್ರೆಂಚ್ ಸುಂಕದ ಅಧಿಕಾರಿಣಿಯೊಬ್ಬಳು ಕೈ ಅಡ್ಡ ಹಿಡಿದಳು. ಬೆಂಗಳೂರಿನಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯಿದೆ. ಚಿಕ್ಕಂದಿನಿಂದ ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಓದಿದವನಿಗೆ, ಒಂದು ಕಾಲದಲ್ಲಿ ಹಾಗೆ ಕಟ್ಟೆಯ ಮೇಲೆ ಕೂತು ಗಾಡಿಯ ಮೂಟೆ ಬಿಚ್ಚಿಸುವವರು ಇರುತ್ತಿದ್ದರೆಂದು ಹೊಳೆದಿರಲಿಲ್ಲ. ಹೊಳೆದದ್ದು ಇಲ್ಲಿ, ನನ್ನ ಮೂಟೆ ಬಿಚ್ಚಿದಾಗ. ಅಧಿಕಾರಿಣಿ ಡಿಕ್ಕಿಯಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಇಂಗ್ಲಿಷಿನಲ್ಲಿ, ಇದರಲ್ಲಿ ಹಾಲಿನ ಪದಾರ್ಥ ಇದೆಯೇ ಎಂದು ಕೇಳಿದಳು. ಒಕ್ಕೂಟದ ಹೊರಗಿನಿಂದ ಬರುವವರು ಹಾಲು, ಮಾಂಸ ತರುವಂತಿಲ್ಲ. ಉಪ್ಪಿನಕಾಯಿ ಪಾಸಾಯಿತು. ಮೊಸರನ್ನ ಫೇಲಾಯಿತು.

"ಏನ್ರೀ ಇದು!" ವಸುಧಾ ನನ್ನ ಕಡೆ ತಿರುಗಿದಳು. "ಅನ್ನ ಒಳಗ ಬರಬಹುದಂತ, ಮೊಸರು ಬರಬಾರದಂತ. ಕಲಸಿದ ಮ್ಯಾಲ ನಾ ಹೆಂಗ ಬ್ಯಾರೆ ಮಾಡ್ಲಿ?"

ಎಸೆಯಬೇಕು, ಇಲ್ಲವೇ ಇಲ್ಲೇ ತಿಂದು ಮುಗಿಸಬೇಕು ಎಂದಳು ಅಧಿಕಾರಿಣಿ, ಬಹಳ ಮರ್ಯಾದೆಯಿಂದಲೇ. ಅನ್ನ ಎಸೆಯುವ ಮಾತೇ ವಸುಧಾಳ ಮುಂದೆ ನಡೆಯುವುದಿಲ್ಲ. ಹಾಗಾಗಿ ನಾವು ಮೂವರೂ ಕಸದ ತೊಟ್ಟಿಯ ಪಕ್ಕದಲ್ಲಿ, ಸಮುದ್ರದ ಗಾಳಿಗೆ ಕೂದಲು ಹಾರಿಸಿಕೊಂಡು, ಚಮಚ ಹಿಡಿದು ನಿಂತೆವು. ಲಾರಿಯವರು ನೋಡಿಕೊಂಡು ಹೋದರು.

"ಹೂ ಈವನ್ ವೋಟೆಡ್ ಫಾರ್ ದಿಸ್?" ಎಂದಳು ಅನಘಾ.

ಅದು ಪ್ರಶ್ನೆಯಲ್ಲ, ಬ್ರಿಟನ್ನಿನಲ್ಲಿ ಎಲ್ಲರೂ ಬಿಡುವ ನಿಟ್ಟುಸಿರು. ಆದರೆ ಹತ್ತು ವರ್ಷದಿಂದ ಮಂತ್ರಿಗಳ ಹೆಸರಿನಲ್ಲಿ ನಾನು ಬೈಯುತ್ತಿದ್ದುದು ಯಾರನ್ನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಾನು," ಎಂದೆ.

ಇಬ್ಬರೂ ಚಮಚ ನಿಲ್ಲಿಸಿದರು.

"ಯುರೋಪಿನವರು ಬರೋದು ನಿಂತರೆ ನಮ್ಮವರಿಗೆ ವೀಸಾ ಸುಲಭ ಆಗತ್ತೆ ಅಂತ ಆಗ ಎಲ್ಲರೂ ಹೇಳ್ತಿದ್ರು. ನಮ್ಮಕ್ಕನಿಗೆ ಎರಡು ಸಲ ವೀಸಾ ಕೊಟ್ಟಿರಲಿಲ್ಲ. ಆ ಸಿಟ್ಟಲ್ಲಿ ಬಿಡೋಕೇ ಹಾಕ್ದೆ. ಬ್ರಿಟನ್ ಹೇಗೂ ಒಕ್ಕೂಟದಲ್ಲೇ ಉಳಿಯತ್ತೆ, ಸರ್ಕಾರಕ್ಕೆ ಸ್ವಲ್ಪ ಬಿಸಿ ಮುಟ್ಟಲಿ ಅಂತ."

ಬ್ರಿಟನ್ನಿನಲ್ಲಿದ್ದ ಭಾರತದ ಪಾಸ್‌ಪೋರ್ಟಿನವರಿಗೂ ಆ ಮತದಾನದ ಹಕ್ಕಿತ್ತು. ಅಲ್ಲಿಯೇ ನೆಲೆಸಿದ್ದ ಫ್ರೆಂಚರಿಗೆ ಇರಲಿಲ್ಲ. ನಾನು ನನ್ನ ಹಕ್ಕನ್ನು ಚಲಾಯಿಸಿದ್ದು ಹೀಗೆ. ಮನೆಗೆ ಬಂದು, ಉಳಿಯುವುದಕ್ಕೇ ಹಾಕಿದೆ ಎಂದು ಸುಳ್ಳು ಹೇಳಿದ್ದೆ.

ವಸುಧಾ ಬೈಯುತ್ತಾಳೆಂದು ಕಾದೆ. ಅವಳು ಡಬ್ಬಿಯ ಅಂಚನ್ನು ಚಮಚದಿಂದ ಕೆರೆಯುತ್ತ ನಿಂತಳು. ಆಮೇಲೆ ಮೆಲ್ಲಗೆ, "ನಾ ಹೋಗ್ಲೇ ಇಲ್ರೀ" ಎಂದಳು. "ಏನಂದೆ?" "ವೋಟ್ ಹಾಕ್ಲಿಕ್ಕ ಹೋಗ್ಲೇ ಇಲ್ಲ. ಡ್ಯೂಟಿ ಮುಗಿಸಿ ಬಂದೆ, ಮಳಿ ಹೊಡೀಲಿಕ್ಕತ್ತಿತ್ತು. ನನ್ನೊಂದು ವೋಟಿನಿಂದ ಏನಾಗ್ತದ ಅಂತ ಮಲಗಿಬಿಟ್ಟೆ. ಹಾಕೀನಿ ಅಂತ ನಿಮಗ ಸುಳ್ಳ ಹೇಳಿದೆ."

ನಮ್ಮಿಬ್ಬರಿಗೂ ನಗು ಬಂತು. ಇಷ್ಟು ವರ್ಷ ಒಂದೇ ಸೋಫಾದಲ್ಲಿ ಕೂತು ಒಂದೇ ಟೀವಿಗೆ ಬೈದ ದಂಪತಿಗಳಲ್ಲವೇ! ಆದರೆ ಅನಘಾ ನಗಲಿಲ್ಲ. ಬೇಸಿಗೆಯಲ್ಲಿ ಫ್ರಾನ್ಸಿನ ಕಡಲ ತೀರದ ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ಮೂರು ತಿಂಗಳು ಕಳೆಯಬೇಕೆಂಬುದು ಅವಳ ಆಸೆಯಾಗಿತ್ತು. ಒಕ್ಕೂಟದಲ್ಲಿದ್ದಾಗ ಬ್ರಿಟನ್ನಿನ ಹುಡುಗರು ಬ್ಯಾಗು ಏರಿಸಿಕೊಂಡು ಹೋಗಿಬಿಡುತ್ತಿದ್ದರು. ಈಗ ಕೆಲಸದ ವೀಸಾ ಬೇಕು. ಹೋಟೆಲಿನವರು ಅವಳ ಪಾಸ್‌ಪೋರ್ಟು ಯಾವುದೆಂದು ಕೇಳಿ ಅಲ್ಲಿಗೇ ಬಿಟ್ಟರು. ಅಜ್ಜಿಯ ಕಡೆಯಿಂದ, ಇನ್ನೂ ಒಕ್ಕೂಟದಲ್ಲೇ ಇರುವ ಐರ್ಲೆಂಡಿನ ಪಾಸ್‌ಪೋರ್ಟ್ ಪಡೆದ ಅವಳ ಗೆಳತಿ ಹೋಗುತ್ತಿದ್ದಾಳೆ.

"ಐ ವಾಸ್ ನೈನ್," ಎಂದಳು. ಅಷ್ಟೆ. ಕಾರಿನಲ್ಲಿ ಹೋಗಿ ಕೂತಳು.

ರಜೆ ಚೆನ್ನಾಗಿಯೇ ಇತ್ತು. ಹಳ್ಳಿಯ ಮನೆ, ಬಿಸಿ ಬ್ರೆಡ್ಡು, ಪಾಸಾದ ಉಪ್ಪಿನಕಾಯಿ. ಮಗಳು ಎರಡನೆಯ ದಿನ ಮಾತಾಡಿದಳು. ನನಗೆ ಮಾತ್ರ ಒಂದು ತೊಂದರೆಯಾಯಿತು. ಪೆಟ್ರೋಲಿಗೆ, ಫೋನಿಗೆ, ಕಾಫಿಗೆ ಹಣ ಕೊಡುವಾಗ ಬಾಯ್ತುಂಬ ಬೈಯುವ ನನ್ನ ಹಳೆಯ ಸುಖ ಹೊರಟುಹೋಗಿತ್ತು. ಮಂತ್ರಿಗಳ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ, ಸುಳ್ಳು ಹೇಳಿದವರನ್ನು ನಾನೇಕೆ ಬಿಡಲಿ? ಆದರೆ ಸುಳ್ಳನ್ನು ಖುಷಿಯಿಂದ ಕೊಂಡವನನ್ನೂ ಆ ಸಾಲಿನಲ್ಲಿ ನಿಲ್ಲಿಸಬೇಕಾಗುತ್ತದೆ.

ವಾಪಸು ಬಂದ ಕೆಲವು ವಾರಕ್ಕೆ ಕೌನ್ಸಿಲ್ ಚುನಾವಣೆ. ಕಸದ ಗಾಡಿ, ಪಾರ್ಕಿಂಗು, ಗ್ರಂಥಾಲಯ, ಇವುಗಳ ಚುನಾವಣೆ. ನಮ್ಮ ಬೀದಿಯಲ್ಲಿ ಅರ್ಧ ಜನ ಹೋಗುವುದೇ ಇಲ್ಲ. ಸಂಜೆ ವಸುಧಾ ಆಸ್ಪತ್ರೆಯಿಂದ ಬಂದು ಬಾಗಿಲು ತೆಗೆದಾಗ ಅನಘಾ, ಮತಗಟ್ಟೆಯಲ್ಲಿ ಗುರುತಿಗೆ ತೋರಿಸಲೆಂದು, ನಮ್ಮ ಮೂರೂ ಪಾಸ್‌ಪೋರ್ಟ್ ಹಿಡಿದು ಎದುರಿಗೇ ನಿಂತಿದ್ದಳು.

"ಅಮ್ಮಾ, ಶೂ ಬಿಚ್ಚಬ್ಯಾಡ. ಅಪ್ಪಾ, ಕಮಾನ್."

ಬೀದಿಯ ಕೊನೆಯ ಶಾಲೆಗೆ ನಡೆದೆವು. ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್ ಹಿಡಿದು ನಾನು ಮತಪತ್ರವನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಹೊರಗೆ ಬಂದಾಗ ತಾಯಿ ಮಗಳು ಗೇಟಿನ ಬಳಿ ಕಾದು ಸುಸ್ತಾಗಿದ್ದರು.

"ಇಷ್ಟೊತ್ತಾ? ಇಟ್ಸ್ ಓನ್ಲಿ ದ ಕೌನ್ಸಿಲ್, ಅಪ್ಪಾ!"

"ಅವತ್ತೂ ನಾನು ಹಾಗೇ ಏನೋ ಅಂದ್ಕೊಂಡಿದ್ದೆ ಕಣಮ್ಮ," ಎಂದೆ.