ಚಹಾ ಪಾತ್ರೆಯಲ್ಲಿ ಕಾರಿನ ಮೀಟರ್

ಬ್ರೂಸ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯವನು ಟ್ಯಾಕ್ಸಿ ಓಡಿಸುತ್ತಿದ್ದ. ವರ್ಷಕ್ಕೊಮ್ಮೆ ಅದೇ ಕಾರನ್ನು ಕುರುಗೋಡಿನ ಬಯಲಿನಲ್ಲಿ ಪಂದ್ಯಕ್ಕೂ ಇಳಿಸುತ್ತಿದ್ದ. ಯಾವ ಮಾತಿಗೂ ‘ನೋಡೇ ಬಿಡೂಣು’ ಎನ್ನುವುದು ಅವನ ಚಾಳಿ.

ಒಮ್ಮೆ ಇಂಜಿನ್ನಿನ ಕಾವು ತೋರಿಸುವ ಹಳೆಯ ಮೀಟರೊಂದನ್ನು ಗುಜರಿಯಿಂದ ತಂದ. ಕಾರಿಗೆ ಕೂಡಿಸುವ ಮೊದಲು ನನ್ನ ಅಡುಗೆಮನೆಗೆ ಬಂದ.

“ಅಕ್ಕಾರ, ಇದು ಖರೇ ಹೇಳತೈತೋ ಇಲ್ಲೋ, ನೋಡೇ ಬಿಡೂಣು.”

“ನನ್ನ ಚಾದ ಪಾತ್ರಿ ಕೆಟ್ಟರ ನಿನ್ನ ಮೀಟರ್ ಒಲ್ಯಾಗ ಹಾಕತೀನಿ.”

ಮೀಟರಿನ ಗ್ರೀಸು ಮೆತ್ತಿದ್ದ ಹಿತ್ತಾಳೆಯ ತುದಿಯನ್ನು ಒಲೆಯ ಮೇಲಿದ್ದ ಚಹಾ ಪಾತ್ರೆಯ ನೀರಿನಲ್ಲಿ ಅದ್ದಿದ. ನೀರು ಕೊತಕೊತ ಕುದಿಯುತ್ತಿದ್ದರೂ ಮುಳ್ಳು ಅರ್ಧಕ್ಕೇ ನಿಂತಿತು. ಅವನು ಬೈಯಲಿಲ್ಲ. ಕುಂಕುಮ ಕೇಳಿ, ಎಣ್ಣೆಯಲ್ಲಿ ಕಲಸಿ, ಮುಳ್ಳು ನಿಂತಲ್ಲೇ ಗಾಜಿನ ಮೇಲೆ ಒಂದು ಗೀಟು ಎಳೆದ.

ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದವನು ಕೊನೆಯ ಸುತ್ತಿನಲ್ಲಿ, ನೋಡಲು ಹೋಗಿದ್ದ ನಾವು ನಿಂತಿದ್ದ ಕಡೆಗೇ ಬಂದು ಕಾರು ನಿಲ್ಲಿಸಿದ.

“ಮುಳ್ಳು ಇನ್ನಾ ಅರ್ಧಕ್ಕ ಐತಿ, ಹೊಡಿಲೇ,” ಎಂದು ಪಕ್ಕದಲ್ಲಿ ಕೂತಿದ್ದ ಗೆಳೆಯ ಬೈದ.

“ಅಕ್ಕಾರ ಕುಂಕುಮದ ಗೀಟಿಗೆ ಮುಟ್ಟೈತಿ. ಇಂಜಿನ್ ಹೋದರ ನಾಳಿ ಮದುವಿ ಮಂದೀನ ಹೆಗಲ ಮ್ಯಾಲೆ ಹೊತ್ಗೊಂಡು ಹೋಗ್ಲೇನು?”

ಉಳಿದ ಕಾರುಗಳು ಮುಂದೆ ಹೋದವು. ಅವನು ಬೀಡಿ ಹಚ್ಚಿದ.

ಮರುದಿನ ಮದುವೆ ಮಂದಿಯನ್ನು ತುಂಬಿಕೊಂಡು ಸಿರುಗುಪ್ಪಕ್ಕೆ ಹೋಗಿಬಂದ. ನನ್ನ ಪಾತ್ರೆಯ ಗ್ರೀಸಿನ ವಾಸನೆ ಮಾತ್ರ ಹೋಗಲೇ ಇಲ್ಲ.